ಈಶಾನ್ಯ ಮೂಲೆಯ ಕೊಲಂಬೈನ್

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಬಂದ ಹೊಸದರಲ್ಲಿ ಮರುಭೂಮಿ ಅಂದರೆ ಬರೀ ಕಳ್ಳಿ ಎಂದುಕೊಂಡಿದ್ದೆ. ಒಂದು ಏಪ್ರಿಲ್‌ನಲ್ಲಿ ದಕ್ಷಿಣ ಅರಿಜೋನಾದ ಕಣಿವೆಗೆ ಹೋಗಿದ್ದಾಗ, ಬಂಡೆ ಸಂದಿಯಿಂದ ನೀರು ಜಿನುಗುವ ಕಡೆ ಹಳದಿ ಹೂಗಳು ತೂಗುತ್ತಿದ್ದವು. ಒಂದೊಂದು ಹೂವಿನ ಬೆನ್ನಿಗೂ ಹೆಬ್ಬೆರಳುದ್ದದ ಐದು ಬಾಲ. ಅದು ಹಳದಿ ಕೊಲಂಬೈನ್, ಅಲ್ಲಿನದೇ ಗಿಡ. ಬಾಲದ ತುದಿಯಲ್ಲಿ ಮಕರಂದ ಇರುತ್ತದೆ. ಅಷ್ಟು ಆಳಕ್ಕೆ ನಾಲಿಗೆ ಚಾಚಬಲ್ಲ ದೊಡ್ಡ ಪತಂಗಗಳು ಮುಸ್ಸಂಜೆಗೆ ಬರುತ್ತವೆ.

ಕಾಡಿನಿಂದ ಕಿತ್ತು ತರುವ ಹಾಗಿಲ್ಲ. ನರ್ಸರಿಯಿಂದ ಎರಡು ಸಸಿ ತಂದೆ. ಮನೆ ಮುಂದೆ ಚೆನ್ನಾಗಿ ಬಿಸಿಲು ಬೀಳುವಲ್ಲಿ ನೆಟ್ಟೆ. ಒಂದು ಮೇ ಮುಗಿಯುವುದರೊಳಗೆ ಹಪ್ಪಳವಾಯಿತು. ಇನ್ನೊಂದರ ಎಲೆ ಜೂನ್‌ನಲ್ಲಿ ಹಳದಿಯಾಯಿತು. ಪಾಪ, ಬಾಯಾರಿಕೆ ಅಂತ ದಿನಾ ನೀರು ಸುರಿದೆ. ಬುಡ ಕೊಳೆತು ಹೋಯಿತು. ಅಸಲಿಗೆ ಆ ಸೆಕೆಗೆ ಗಿಡ ಅರ್ಧ ನಿದ್ದೆಗೆ ಜಾರಿತ್ತು ಅಷ್ಟೇ. ಸುಮ್ನೆ ಬಿಟ್ಟಿದ್ದರೆ ಬದುಕುತ್ತಿತ್ತೇನೋ.

ಮುಂದಿನ ಸಲ ಬೀಜದಿಂದ ಶುರು ಮಾಡಿದೆ. ಸಾಸಿವೆಗಿಂತ ಚಿಕ್ಕದು, ಕಪ್ಪಗೆ ಮಿರಮಿರ ಹೊಳೆಯುತ್ತದೆ. ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ಫ್ರಿಜ್‌ನಲ್ಲಿ ಒಂದು ತಿಂಗಳು ಇಟ್ಟೆ, ದೋಸೆ ಹಿಟ್ಟಿನ ಡಬ್ಬದ ಪಕ್ಕದಲ್ಲೇ. ಚಳಿ ತಾಗಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ನವೆಂಬರ್‌ನಲ್ಲಿ ಮಣ್ಣಿನ ಮೇಲೆ ಉದುರಿಸಿ ಬೆರಳಿನಿಂದ ಮೆತ್ತಗೆ ಒತ್ತಿದೆ. ಮುಚ್ಚಲಿಲ್ಲ, ಇದಕ್ಕೆ ಬೆಳಕು ಬೇಕು. ಸಸಿಗೆ ನಾಲ್ಕು ಎಲೆ ಬಂದಾಗಲೇ ನೆಲಕ್ಕೆ ಇಳಿಸಿಬಿಟ್ಟೆ. ತಾಯಿಬೇರು ಉದ್ದಕ್ಕೆ ಇಳಿದ ಮೇಲೆ ಅಲುಗಾಡಿಸಿದರೆ ಮುನಿಸಿಕೊಳ್ಳುತ್ತದೆ.

ಈ ಸಲ ಜಾಗ ಮನೆಯ ಈಶಾನ್ಯ ಮೂಲೆ. ವಾಸ್ತು ನೋಡಿ ಅಲ್ಲ! ಬೆಳಗ್ಗೆ ಹತ್ತರ ಮೇಲೆ ಅಲ್ಲಿ ಗೋಡೆಯ ನೆರಳು. ಎಸಿಯ ನೀರಿನ ಪೈಪ್ ಬಂದು ತೊಟ್ಟಿಕ್ಕುವುದೂ ಅಲ್ಲೇ. ಇಲ್ಲಿನ ನಲ್ಲಿ ನೀರು ಗಡಸು, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಎಸಿ ನೀರಿನಲ್ಲಿ ಆ ಉಪ್ಪಿನ ಕಾಟ ಇಲ್ಲ. ಮಣ್ಣಿಗೆ ಜಲ್ಲಿ, ಎಲೆಗೊಬ್ಬರ ಬೆರೆಸಿ ನೀರು ನಿಲ್ಲದಂತೆ ಮಾಡಿದೆ. ಆದರೆ ಒಣ ಜೂನ್‌ನಲ್ಲಿ ಪೈಪ್ ಹನಿಯುವುದೇ ಕಷ್ಟ, ಆಗ ಕೈಯಿಂದಲೇ ಸ್ವಲ್ಪ ಹಾಕಬೇಕು. ಜುಲೈನಲ್ಲಿ ತೇವದ ಮಾನ್ಸೂನ್ ಗಾಳಿ ಬಂತೆಂದರೆ ಪೈಪಿನ ಕೆಳಗಿಟ್ಟ ಬಕೆಟ್ ತುಂಬುತ್ತದೆ.

ಮೊದಲ ವರ್ಷ ಬರೀ ಎಲೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ, ‘ಕೊತ್ತಂಬರಿ ಚೆನ್ನಾಗಿ ಬಂದಿದೆ ಅಲ್ವಾ’ ಎಂದರು. ಎಲೆ ಮೇಲೆ ಬಿಳಿ ಗೆರೆಗಳು, ಮಗು ಪೆನ್ಸಿಲ್‌ನಿಂದ ಗೀಚಿದಂತೆ. ಒಳಗೇ ಕೊರೆದು ತಿನ್ನುವ ಹುಳು ಅದು. ಔಷಧಿ ಹೊಡೆಯಲಿಲ್ಲ, ಆ ಎಲೆ ಚಿವುಟಿ ಹಾಕಿದೆ. ಎರಡನೇ ಮಾರ್ಚ್‌ಗೆ ಹೂ ಬಂತು.

ಆಮೇಲೆ 2023ರ ಬೇಸಿಗೆ. ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತು. ಮೂರು ಗಿಡದಲ್ಲಿ ಎರಡು ಹೋದವು. ಮೂರನೆಯದು ಕಂದು ಮೊಂಡಾಗಿ ಕೂತಿತ್ತು. ಕೀಳಲು ಕೈ ಹಾಕಿದೆ, ಆದರೆ ಸುಮ್ಮನೆ ಬಿಟ್ಟೆ. ನವೆಂಬರ್‌ನಲ್ಲಿ ಬುಡದಿಂದ ಹಸಿರು ಇಣುಕಿತು.

ಈಗ ಉದುರಿದ ಬೀಜದಿಂದ ಒಂದು ಸಸಿ ಪೈಪಿನ ಕೆಳಗೆ, ಇಟ್ಟಿಗೆ ಸಂದಿಯಲ್ಲಿ ಎದ್ದಿದೆ. ನಡೆದಾಡುವ ದಾರಿಯಲ್ಲೇ. ಎಬ್ಬಿಸಲು ಧೈರ್ಯ ಇಲ್ಲ, ಮನೆಯವರೆಲ್ಲ ಕಾಲೆತ್ತಿ ದಾಟುತ್ತೇವೆ.