ಎಡಗಿವಿಗೆ 1871, ಬಲಗಿವಿಗೆ 2011

ಟ್ರಾನ್ಸ್ ಜನರ ಮೇಲಿನ ಎರಡು ಕಾನೂನುಗಳನ್ನು ಓದಿಸಿ ಒಂದು ಸೌಂಡ್ ಕೃತಿ ಮಾಡಿದ್ದೇನೆ. ಕಾನೂನಿನ ಕಲಮುಗಳನ್ನು ಓದಿ ಕೇಳಿಸಿದರೆ ಯಾರು ಕೂತು ಕೇಳ್ತಾರೆ ಅಂತ ಸೌಂಡ್ ಕೆಲಸದ ಗೆಳೆಯರೆಲ್ಲ ಅಂದಿದ್ದರು. ಈಗ ಜನ ಸುಮಾರು ಹನ್ನೆರಡು ನಿಮಿಷ ಕದಲದೆ ಕೇಳುತ್ತಾರೆ.

ನಮ್ಮ ಟ್ರಾನ್ಸ್ ಜನರ ಬಗ್ಗೆ ಹಳೆಯ ದಫ್ತರಗಳಲ್ಲಿ ಜಾಸ್ತಿ ಇರುವುದು ಪೊಲೀಸರ ಮಾತೇ. ನಮ್ಮವರ ದನಿ ಸಿಗುವುದು ಅಪರೂಪ. ಬ್ರಿಟಿಷರು ತಂದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ನಮ್ಮಂಥವರ ಮೇಲಿದ್ದ ಎರಡನೇ ಭಾಗ ತೆಗೆದು ನೋಡಿ. ಮಕ್ಕಳನ್ನು ಕದಿಯುತ್ತಾರೆ ಅನ್ನುವಂಥ ಅನುಮಾನ ಬಂದರೆ ಸಾಕು, ಹೆಸರು ರಿಜಿಸ್ಟರಿಗೆ. ಹಾಗೆ ಸೇರಿದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲು. ವಾದ್ಯ ನುಡಿಸುವುದೇ ಅಪರಾಧ ಆದಮೇಲೆ ದನಿ ಹೇಗೆ ಉಳಿಯುತ್ತೆ?

ಮೊದಲು ಕಂಪ್ಯೂಟರ್ ದನಿಯಲ್ಲಿ ಓದಿಸಿದೆ. ಜನ ಎದ್ದು ಹೋದರು. ಆಮೇಲೆ ತಂಬೂರಿ ಸೇರಿಸಿದೆ. ಎಲ್ಲರೂ ತಂಬೂರಿಯನ್ನೇ ಹೊಗಳಿದರು, ಕಾನೂನು ಯಾರಿಗೂ ನೆನಪಿರಲಿಲ್ಲ. ಸ್ಟುಡಿಯೋ ಬಾಡಿಗೆಗೇ ನಲವತ್ತು ಸಾವಿರದ ಹತ್ತಿರ ಹೋಯಿತು.

ದಾರಿ ಸಿಕ್ಕಿದ್ದು ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ. 2011ರಲ್ಲಿ ಅದಕ್ಕೆ 36ಎ ಕಲಮು ಸೇರಿತು. ಮತ್ತೆ ರಿಜಿಸ್ಟರ್, ಮತ್ತೆ ಮಕ್ಕಳನ್ನು ಕದಿಯುವ ಅನುಮಾನ. 140 ವರ್ಷ ಕಳೆದರೂ ಅದೇ ಮಾತು! ಎರಡನ್ನೂ ಕನ್ನಡಕ್ಕೆ ತಂದೆ. ಹಳೆಯದನ್ನು ಹಿರಿಯ ಜೋಗತಿ ಅಮ್ಮ ಎಡ ಚಾನೆಲ್‌ನಲ್ಲಿ ಓದುತ್ತಾರೆ, ಹೊಸದನ್ನು ಕಿರಿಯ ಗೆಳತಿ ಬಲದಲ್ಲಿ. 'ರಿಜಿಸ್ಟರ್' ಬಂದಲ್ಲೆಲ್ಲ ಎರಡೂ ದನಿ ಒಂದಾಗುತ್ತವೆ. ಓದುವ ವೇಗ ಬೇರೆ ಇದ್ದರೂ ಅದನ್ನು ಹೇಗೆ ಕೂಡಿಸಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ರೆಕಾರ್ಡಿಂಗ್ ಅವರವರ ಮನೆಯಲ್ಲೇ ಮಾಡಿದೆ. ಒಂದು ಸಲಕ್ಕೆ ಒಬ್ಬರಿಗೆ ಮೂರು ಸಾವಿರ, ರೆಕಾರ್ಡರ್ ಆನ್ ಮಾಡುವ ಮೊದಲೇ ಕೈಗೆ. ಇದರಲ್ಲಿ ಚೌಕಾಸಿ ಮಾಡಬೇಡಿ. ಬೇಡ ಅಂದರೆ ಯಾವಾಗ ಬೇಕಾದರೂ ಅವರ ದನಿ ತೆಗೆಯುತ್ತೇನೆ ಅಂತ ಬರೆದೂ ಕೊಟ್ಟಿದ್ದೇನೆ.

'ವಾದ್ಯ ನುಡಿಸಿದರೆ' ಅನ್ನುವಲ್ಲಿ ಓದು ನಿಂತು ಅಮ್ಮನ ಚೌಡಿಕೆ, ಅಂದರೆ ಜೋಗತಿಯರ ಒಂಟಿ ತಂತಿಯ ವಾದ್ಯ, ಶುರುವಾಗುತ್ತದೆ. ವಾದ್ಯದ ಮೈಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕಿನಲ್ಲಿ ಬರೀ ಬೆರಳಿನ ಸದ್ದು ಬಂತು. ಮಾಮೂಲಿ ಮೈಕನ್ನು ಒಂದು ಮೊಳ ದೂರ, ತಂತಿಯ ಕಡೆಗಲ್ಲ, ಚರ್ಮದ ಕಡೆಗೆ ತಿರುಗಿಸಿದಾಗ ಸರಿಹೋಯಿತು. ಅದೇ ನಾದವನ್ನು ಹಳೆಯ ಕಬ್ಬಿಣದ ಟ್ರಂಕಿಗೆ ಎಕ್ಸೈಟರ್ (ಅಂಟಿಸಿದ ವಸ್ತುವನ್ನೇ ನಡುಗಿಸಿ ಸ್ಪೀಕರ್ ಮಾಡುವ ಸಾಧನ) ಅಂಟಿಸಿಯೂ ಕೇಳಿದೆ. ಠಾಣೆಯ ದಾಖಲೆ ಕೋಣೆಯೊಳಗಿಂದ ಬಂದ ಹಾಗಿತ್ತು. ಅದು ಮುಂದಿನ ಕೆಲಸಕ್ಕೆ.

ಈಗ ಅಮ್ಮನ ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುತ್ತಿದ್ದೇನೆ. ನಿಮ್ಮ ಊರಿನ ಹಿರಿಯರ ಬಳಿಯೂ ಇರಬಹುದು, ಕೇಳಿ ನೋಡಿ. ಬೂಷ್ಟು ಹಿಡಿದಿದ್ದರೆ ಮಾತ್ರ ಶುಚಿ ಮಾಡದೆ ಡೆಕ್ಕಿಗೆ ಹಾಕಬೇಡಿ.