ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್: ಲೆಕ್ಕ ಪೂರ್ತಿ ಸರಿ, ಮಾರ್ಕ್ಸ್ ಅರ್ಧಕ್ಕಿಂತ ಕಮ್ಮಿ

ಎರಡನೇ ಮಿಡ್‌ಟರ್ಮ್ ಪೇಪರ್ ವಾಪಸ್ ಬಂದಾಗ ಒಂದು ಪ್ರಶ್ನೆಗೆ 10ಕ್ಕೆ 4 ಕೊಟ್ಟಿದ್ದರು. ಉತ್ತರ ಸರಿಯಿತ್ತು. ಪಾಯಿಂಟ್ ಆದಮೇಲಿನ ಎರಡನೇ ಅಂಕಿಯವರೆಗೂ ಸರಿಯಿತ್ತು. ದಾವಣಗೆರೆಯಲ್ಲಿ ಬಿ.ಕಾಂ ಓದುವಾಗ ಇದೇ ವಿಷಯದಲ್ಲಿ ತೊಂಬತ್ತರ ಮೇಲೆ ತೆಗೆದವಳು ನಾನು. ಎಣಿಕೆ ತಪ್ಪಿರಬೇಕು ಅಂತ ಪೇಪರ್ ಹಿಡ್ಕೊಂಡು ಪ್ರೊಫೆಸರ್ ಹತ್ತಿರ ಹೋದೆ. ಎಣಿಕೆ ತಪ್ಪಿರಲಿಲ್ಲ. ಆ ಕಳೆದುಹೋದ ಆರು ಮಾರ್ಕಿನ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಸೇರುವ ವಿಚಾರ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಸಿಗುವುದು) ಬಂದ ನಮ್ಮವರಲ್ಲಿ ಎಷ್ಟೋ ಜನ ಇಲ್ಲಿ ಮೊದಲು ಸೇರುವ ಕೋರ್ಸ್ ಸ್ಟ್ಯಾಟಿಸ್ಟಿಕ್ಸೇ. ನರ್ಸಿಂಗ್‌ಗೆ ಅರ್ಜಿ ಹಾಕಬೇಕಾದರೆ ಸಾಮಾನ್ಯವಾಗಿ ಇದು ಬೇಕು. ಸೈಕಾಲಜಿ, ಬಿಸಿನೆಸ್, ಡೇಟಾ ಅನಾಲಿಟಿಕ್ಸ್ ಅಂದುಕೊಂಡರೂ ಬಾಗಿಲಲ್ಲಿ ಇದೇ ನಿಂತಿರುತ್ತದೆ. ಎಚ್-4ನಲ್ಲಿ ಇರುವವರು ಓದಲು ವೀಸಾ ಬದಲಾಯಿಸಬೇಕಿಲ್ಲ, ಒಂದೇ ಒಂದು ಕೋರ್ಸ್ ತಗೊಂಡರೂ ಸಾಕು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವರಿಗೆ ಹಾಗಲ್ಲ, ಅವರು ಫುಲ್ ಟೈಮ್ ಓದಲೇಬೇಕು. ಮಕ್ಕಳ ಮನೆಗೆ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರು ಕ್ರೆಡಿಟ್‌ಗಾಗಿ, ಅಂದರೆ ಡಿಗ್ರಿಗೆ ಲೆಕ್ಕ ಹಿಡಿಯುವ ಹಾಗೆ, ಕೋರ್ಸ್ ಸೇರುವಂತಿಲ್ಲ.

ನಾನು ಸೇರಿದ್ದು ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ರಾಜ್ಯದಲ್ಲಿ ಇಂಥವು 116 ಇವೆ. ನಮ್ಮ ಊರಿನ ಹಾಗೆ ಕಟ್‌ಆಫ್, ಮೆರಿಟ್ ಲಿಸ್ಟ್ ಇಲ್ಲ. 18 ತುಂಬಿದ್ದರೆ ಸೇರಬಹುದು, ಹೈಸ್ಕೂಲ್ ಮಕ್ಕಳಿಗೂ ದಾರಿ ಇದೆ. ನನ್ನ ಕ್ಲಾಸಿನಲ್ಲಿ ಹೈಸ್ಕೂಲ್ ಹುಡುಗ ಒಬ್ಬ ಇದ್ದ, ಮೊಮ್ಮಕ್ಕಳಿದ್ದ ಅಜ್ಜಿ ಒಬ್ಬರಿದ್ದರು. ಅಜ್ಜಿಯೇ ಜಾಸ್ತಿ ಪ್ರಶ್ನೆ ಕೇಳುತ್ತಿದ್ದರು.

ದುಡ್ಡಿನ ವಿಷಯ ಗಮನವಿಟ್ಟು ಓದಿ, ಮೋಸ ಹೋಗುವುದು ಇಲ್ಲೇ. ಕೋರ್ಸಿನ ಗಾತ್ರ ಅಳೆಯುವುದು ಯೂನಿಟ್‌ನಲ್ಲಿ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಸ್ಟ್ಯಾಟಿಸ್ಟಿಕ್ಸ್ ಸಾಮಾನ್ಯವಾಗಿ ನಾಲ್ಕು ಯೂನಿಟ್, ಅಂದರೆ 184 ಡಾಲರ್, ಮೇಲೆ ಸಣ್ಣಪುಟ್ಟ ಫೀ. ಡಿ ಆನ್ಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ ಪದ್ಧತಿಯ (ಸೆಮಿಸ್ಟರ್‌ಗಿಂತ ಚಿಕ್ಕ ಟರ್ಮ್) ಕಾಲೇಜುಗಳಲ್ಲಿ ಯೂನಿಟ್‌ಗೆ 31 ಡಾಲರ್. ಆದರೆ ನಿವಾಸಿ ಅಲ್ಲದವರಿಗೆ ಇದರ ಮೇಲೆ ಬೇರೆ ಟ್ಯೂಷನ್ ಫೀ ಬೀಳುತ್ತದೆ. ಸೆಮಿಸ್ಟರ್ ಕಾಲೇಜುಗಳಲ್ಲಿ ಅದು ಯೂನಿಟ್‌ಗೆ 300 ಡಾಲರ್ ದಾಟುವುದು ಮಾಮೂಲು. ಅದೇ ಕ್ಲಾಸು, ಅದೇ ಬೆಂಚು, ಬಿಲ್ಲು ಮಾತ್ರ ಏಳೆಂಟು ಪಟ್ಟು.

ನಿವಾಸಿ ಅನ್ನಿಸಿಕೊಳ್ಳಲು ಟರ್ಮ್ ಶುರುವಾಗುವ ಮುಂಚೆ ಒಂದು ವರ್ಷಕ್ಕೂ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಇದ್ದಿರಬೇಕು, ಇಲ್ಲೇ ಇರುವ ಉದ್ದೇಶವನ್ನೂ ತೋರಿಸಬೇಕು. ಎಚ್-1ಬಿ, ಎಚ್-4ನವರಿಗೂ ಇದು ಸಿಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಸುಮ್ನೆ ಜಾಸ್ತಿ ಕಟ್ಟುತ್ತಾರೆ. ಡ್ರೈವಿಂಗ್ ಲೈಸೆನ್ಸ್, ಬಾಡಿಗೆ ಕರಾರು, ರಾಜ್ಯದ ಟ್ಯಾಕ್ಸ್ ರಿಟರ್ನ್, ಇವುಗಳಲ್ಲಿ ನಿಮ್ಮ ಹೆಸರೂ ಇರಲಿ. ನಮ್ಮ ಮನೆಗಳಲ್ಲಿ ಎಲ್ಲವೂ ಗಂಡನ ಹೆಸರಲ್ಲೇ ಇರುತ್ತದೆ, ಅಲ್ವಾ? ಬಂದ ತಿಂಗಳಲ್ಲೇ ಬಾಡಿಗೆ ಕರಾರಿಗೆ ನಿಮ್ಮ ಹೆಸರು ಸೇರಿಸಿ. ಮುಂದಿನ ವರ್ಷ ಉಪಯೋಗಕ್ಕೆ ಬರುತ್ತದೆ.

ಗಣಿತದ ಪ್ರವೇಶ ಪರೀಕ್ಷೆ ಇರುತ್ತದೆ ಅಂತ ಹಳಬರು ಹೆದರಿಸಬಹುದು. 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂದ ಮೇಲೆ ಅದು ಹೋಯಿತು. ನೇರವಾಗಿ ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಬಹುದು. ಆಲ್ಜೀಬ್ರಾ ಮರೆತವರಿಗೆ ಜೊತೆಯಲ್ಲೇ ಒಂದು ಸಪೋರ್ಟ್ ಕ್ಲಾಸ್ ಇರುತ್ತದೆ. ಹತ್ತು ವರ್ಷ ಪುಸ್ತಕ ಮುಟ್ಟದವರು ನಾಚಿಕೆ ಬಿಟ್ಟು ಅದನ್ನೂ ತಗೊಳ್ಳಿ.

2025ರಿಂದ ಈ ಕೋರ್ಸಿಗೆ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದೇ ನಂಬರ್ ಬರುತ್ತಿದೆ: ಸ್ಟ್ಯಾಟ್ ಸಿ1000. ಮೊದಲು ಒಂದೊಂದು ಕಾಲೇಜಿನಲ್ಲಿ ಒಂದೊಂದು ನಂಬರ್. ಮುಂದೆ ಯೂನಿವರ್ಸಿಟಿಗೆ ಹೋಗುವ ಯೋಚನೆ ಇದ್ದರೆ ಅಸಿಸ್ಟ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಯಾವ ಕೋರ್ಸನ್ನು ಯಾವ ಯೂನಿವರ್ಸಿಟಿ ಒಪ್ಪುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಸೀಟು ತುಂಬಿದ್ದರೆ ವೇಟ್‌ಲಿಸ್ಟ್. ಗಾಬರಿ ಬೇಡ, ಮೊದಲ ದಿನ ಕ್ಲಾಸಿಗೆ ಹೋಗಿ ಕೂತುಕೊಳ್ಳಿ. ಹೆಸರಿದ್ದೂ ಬಾರದವರನ್ನು ಪ್ರೊಫೆಸರ್ ತೆಗೆದುಹಾಕಬಹುದು, ಆ ಜಾಗಕ್ಕೆ ನಿಮಗೆ ಆಡ್ ಕೋಡ್ (ಕ್ಲಾಸಿಗೆ ಸೇರಲು ಬೇಕಾದ ನಂಬರ್) ಸಿಗಬಹುದು. ನಮ್ಮಲ್ಲಿ ಮೊದಲ ವಾರ ಯಾರು ಕಾಲೇಜಿಗೆ ಹೋಗುತ್ತಾರೆ ಅನ್ನುವ ಅಭ್ಯಾಸ ಇದೆಯಲ್ಲ, ಅದನ್ನು ಇಲ್ಲಿಗೆ ತರಬೇಡಿ.

ಪುಸ್ತಕಕ್ಕೆ ದುಡ್ಡು ಸುರಿಯುವ ಮುಂಚೆ ಸಿಲೆಬಸ್ ನೋಡಿ. ಎಷ್ಟೋ ಸೆಕ್ಷನ್‌ಗಳಲ್ಲಿ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪುಸ್ತಕವೇ ನಡೆಯುತ್ತದೆ. ಅದನ್ನು ಬರೆದವರು ಇಲ್ಲೇ ಕ್ಯುಪರ್ಟಿನೋದ ಡಿ ಆನ್ಜಾ ಕಾಲೇಜಿನ ಇಬ್ಬರು ಮೇಡಂಗಳು. ಟಿಐ-84 ಕ್ಯಾಲ್ಕುಲೇಟರ್ ನೂರು ಡಾಲರ್ ದಾಟುತ್ತದೆ. ಲೈಬ್ರರಿಯಲ್ಲಿ ಎರವಲು ಸಿಗುತ್ತದಾ ಕೇಳಿ, ಇಲ್ಲದಿದ್ದರೆ ಹಳೇದು ಹುಡುಕಿ. ಹಳೇದೂ ಹೊಸದೂ ಒಂದೇ ಲೆಕ್ಕ ಮಾಡುತ್ತವೆ.

ಇನ್ನು ಸಿಲೆಬಸ್ ಅನ್ನುವ ಮಾತು. ನಮಗೆ ಸಿಲೆಬಸ್ ಅಂದರೆ ಪಾಠಗಳ ಪಟ್ಟಿ. ಇಲ್ಲಿ ಅದು ಹೆಚ್ಚುಕಮ್ಮಿ ಕರಾರುಪತ್ರ. ಹೋಮ್‌ವರ್ಕ್‌ಗೆ ಎಷ್ಟು, ಕ್ವಿಜ್‌ಗೆ ಎಷ್ಟು, ತಡವಾದರೆ ಎಷ್ಟು ಕಡಿತ, ಎಲ್ಲ ಅದರಲ್ಲಿ ಇರುತ್ತದೆ. ಕೊನೆಯ ಪರೀಕ್ಷೆಗೆ ನನ್ನ ಕ್ಲಾಸಿನಲ್ಲಿ ಇದ್ದದ್ದು ನೂರಕ್ಕೆ 25 ಅಷ್ಟೇ. ಕೊನೆಯ ಹದಿನೈದು ದಿನ ಗೈಡ್ ಹಿಡಿದು ಕೂತರೆ ಆಯಿತು ಅನ್ನುವ ಲೆಕ್ಕ ನಡೆಯಲ್ಲ. ವಾರಾವಾರ ಏನಾದರೂ ಒಪ್ಪಿಸುತ್ತಲೇ ಇರಬೇಕು. ಕ್ಯಾನ್ವಸ್ ಅನ್ನುವ ವೆಬ್‌ಸೈಟಿನಲ್ಲಿ ರಾತ್ರಿ 11:59ಕ್ಕೆ ಗಡುವು ಮುಗಿಯುತ್ತದೆ. ಹನ್ನೆರಡು ಹೊಡೆದರೆ ತಡ.

ನನ್ನ ಸಿಲೆಬಸ್‌ನಲ್ಲಿ ಪ್ರಾಜೆಕ್ಟ್ ಕೊಡುವ ದಿನ 3/5 ಅಂತಿತ್ತು. ಮೇ ಮೂರಕ್ಕೆ ತಾನೇ, ಇನ್ನೂ ಎರಡು ತಿಂಗಳಿದೆ ಅಂತ ಆರಾಮಾಗಿ ಇದ್ದೆ. ಅದು ಮಾರ್ಚ್ ಐದು! ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಎರಡು ದಿನ ತಡವಾಗಿ ಕೊಟ್ಟು ಇಪ್ಪತ್ತು ಪರ್ಸೆಂಟ್ ಕಳೆದುಕೊಂಡೆ. ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ.

ಈಗ ಆ ಆರು ಮಾರ್ಕಿನ ಕಥೆ. ಪ್ರಶ್ನೆ ಇಷ್ಟೇ: ಒಂದು ಕಾಲೇಜಿನ 100 ವಿದ್ಯಾರ್ಥಿಗಳನ್ನು ರ‍್ಯಾಂಡಮ್ ಆಗಿ ಆರಿಸಿ ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ ಅಂತ ಕೇಳಿದ್ದಾರೆ. ಸರಾಸರಿ 6.5 ಗಂಟೆ, ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) 1.2. ಶೇಕಡಾ 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಎಲ್ಲರ ನಿಜವಾದ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು, ಕೊಡಿ. ನಾನು 1.2ನ್ನು 100ರ ವರ್ಗಮೂಲ 10ರಿಂದ ಭಾಗಿಸಿ 0.12 ತೆಗೆದೆ. ಟೇಬಲ್‌ನಲ್ಲಿ 95%ಗೆ ಕೊಟ್ಟ 1.984ರಿಂದ ಗುಣಿಸಿದೆ. ಹಿಂದೆ ಮುಂದೆ 0.24. ಉತ್ತರ 6.26ರಿಂದ 6.74. ಕೆಳಗೆ ಎರಡು ಗೆರೆ ಎಳೆದು ಬಾಕ್ಸ್ ಹಾಕಿದೆ. ನಮ್ಮ ಮೇಷ್ಟ್ರು ಕಲಿಸಿದ ಹಾಗೆ.

ಪ್ರೊಫೆಸರ್ ಕೇಳಿದರು: "ಇದರ ಅರ್ಥ ಏನು?"

"6.26ರಿಂದ 6.74."

"ಯಾರದ್ದು? ಯಾವುದರದ್ದು? ಈ ಸೂತ್ರ ಇಲ್ಲಿ ಹಾಕಬಹುದು ಅಂತ ನಿಮಗೆ ಹೇಗೆ ಗೊತ್ತಾಯಿತು?"

ಅಲ್ಲಿಗೆ ಅರ್ಥವಾಯಿತು. ಲೆಕ್ಕಕ್ಕೆ ನಾಲ್ಕೇ ಮಾರ್ಕು. ಸ್ಯಾಂಪಲ್ ರ‍್ಯಾಂಡಮ್ ಆಗಿದೆಯಾ, ಸಾಕಷ್ಟು ದೊಡ್ಡದಿದೆಯಾ ಅಂತ ಮೊದಲು ಬರೆದು ತೋರಿಸಿದ್ದರೆ ಮೂರು. ಉತ್ತರವನ್ನು ಮಾತಿನಲ್ಲಿ ಬಿಡಿಸಿ ಹೇಳಿದ್ದರೆ ಇನ್ನು ಮೂರು. "ಈ ಕಾಲೇಜಿನ ಎಲ್ಲ ವಿದ್ಯಾರ್ಥಿಗಳ ಸರಾಸರಿ ನಿದ್ದೆ 6.26 ಮತ್ತು 6.74 ಗಂಟೆಗಳ ನಡುವೆ ಇದೆ ಅಂತ 95% ಭರವಸೆಯಿಂದ ಹೇಳಬಹುದು" ಎಂಬ ಅರ್ಥ ಬರುವ ಒಂದು ಇಂಗ್ಲಿಷ್ ವಾಕ್ಯ. "100 ವಿದ್ಯಾರ್ಥಿಗಳ ಸರಾಸರಿ" ಅಂತ ಬರೆದರೆ ತಪ್ಪು, ಅದು 6.5 ಅಂತ ಗೊತ್ತೇ ಇದೆಯಲ್ಲ. "95% ವಿದ್ಯಾರ್ಥಿಗಳು ಇಷ್ಟು ಮಲಗುತ್ತಾರೆ" ಅಂದರೆ ಇನ್ನೂ ದೊಡ್ಡ ತಪ್ಪು.

ಈ 95% ಯಾವುದರದ್ದು ಅನ್ನುವುದು ನನಗೆ ತಲೆಗೆ ಹೋಗಿದ್ದು ಜಾತ್ರೆ ನೆನಪಾದಾಗ. ಸೋಪಿನ ಮೇಲೆ ರಿಂಗ್ ಎಸೆಯುವ ಆಟ ಇರುತ್ತದಲ್ಲ? ಸೋಪು ಕೂತಲ್ಲೇ ಕೂತಿರುತ್ತದೆ. ರಿಂಗ್ ಪ್ರತಿ ಸಲ ಬೇರೆ ಕಡೆ ಬೀಳುತ್ತದೆ. ನಿಜವಾದ ಸರಾಸರಿ ಆ ಸೋಪು, ನಮ್ಮ ಇಂಟರ್ವಲ್ ಆ ರಿಂಗ್. ಹೀಗೇ ಸ್ಯಾಂಪಲ್ ತಗೊಂಡು ನೂರು ರಿಂಗ್ ಎಸೆದರೆ ಸುಮಾರು 95 ಸೋಪಿನ ಮೇಲೆ ಬೀಳುತ್ತವೆ. ಕೈಯಲ್ಲಿರುವ ಈ ಒಂದು ರಿಂಗ್ ಬಿತ್ತೋ ಇಲ್ಲವೋ, ನಮಗೆ ಕಾಣಿಸಲ್ಲ.

ಹೈಪಾಥಿಸಿಸ್ ಟೆಸ್ಟ್‌ನಲ್ಲೂ ಮಾರ್ಕು ಹೋಗುವುದು ಮಾತಿನಲ್ಲೇ. ಅಲ್ಲಿ ಏನೂ ವ್ಯತ್ಯಾಸ ಇಲ್ಲ ಅನ್ನುವ ಊಹೆಯಿಂದ ಶುರುಮಾಡುತ್ತೇವೆ, ಅದೇ ನಲ್ ಹೈಪಾಥಿಸಿಸ್. ಆ ಊಹೆ ನಿಜವಾಗಿದ್ದರೆ ಇಂಥ ಅಥವಾ ಇನ್ನೂ ವಿಪರೀತದ ಡೇಟಾ ಸಿಗುವ ಸಾಧ್ಯತೆ ಎಷ್ಟು ಅನ್ನುವುದು ಪಿ-ವ್ಯಾಲ್ಯೂ. ಪಿ-ವ್ಯಾಲ್ಯೂ ದೊಡ್ಡದಾಗಿ ಬಂದರೆ "ನಲ್ ಹೈಪಾಥಿಸಿಸ್ ಒಪ್ಪಿದ್ದೇವೆ" ಅಂತ ಬರೆಯಬೇಡಿ. ಊರಲ್ಲಿ ನಮಗೆ ಹಾಗೇ ಬರೆಸುತ್ತಿದ್ದರು, ಇಲ್ಲಿ ಕೆಂಪು ಗೆರೆ ಬೀಳುತ್ತದೆ. ಆ ಊಹೆಯನ್ನು ತಿರಸ್ಕರಿಸಲು ಸಾಕ್ಷಿ ಸಾಲದು ಅಂತಲೇ ಬರೆಯಬೇಕು. ಪೇಪರಿನಲ್ಲಿ ಓದುತ್ತೇವಲ್ಲ, ಸಂಶಯದ ಲಾಭ ಪಡೆದು ಆರೋಪಿ ಬಿಡುಗಡೆ ಅಂತ? ಅವನು ಸಾಚಾ ಅಂತ ಅಲ್ಲಿ ಯಾರೂ ಹೇಳಿರಲ್ಲ.

ಇದನ್ನೆಲ್ಲ ನನಗೆ ತಿದ್ದಿದ್ದು ಆಫೀಸ್ ಅವರ್ಸ್‌ನಲ್ಲಿ. ಅಂದರೆ ಪ್ರೊಫೆಸರ್ ವಾರಕ್ಕೆ ಕೆಲವು ಗಂಟೆ ವಿದ್ಯಾರ್ಥಿಗಳಿಗಾಗಿಯೇ ಕೂತಿರುವ ಹೊತ್ತು. ಅವರ ಕೆಲಸಕ್ಕೆ ಅಡ್ಡಿ ಅಂತ ನಾನು ಆರು ವಾರ ಹೋಗಿರಲಿಲ್ಲ. ಹೋದರೆ ಅವರು ಒಬ್ಬರೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು! ಪುಕ್ಕಟೆ ಟ್ಯೂಷನ್ ಅಂತ ತಿಳಿದು ಹೋಗಿ. ಕಾಲೇಜಿನ ಮ್ಯಾತ್ ಟ್ಯೂಟರಿಂಗ್ ಸೆಂಟರ್ ಕೂಡ ಸಾಮಾನ್ಯವಾಗಿ ಉಚಿತವೇ.

ಕಷ್ಟವಾದರೆ ಬಿಡಲೂ ಒಂದು ಲೆಕ್ಕ ಇದೆ. ಟರ್ಮ್‌ನ ಮೊದಲ ಐದನೇ ಒಂದು ಭಾಗದೊಳಗೆ, ಕಾಲೇಜು ಹೇಳಿದ ದಿನಕ್ಕೆ ಮುಂಚೆ ಡ್ರಾಪ್ ಮಾಡಿದರೆ ದಾಖಲೆಯಲ್ಲಿ ಗುರುತೇ ಉಳಿಯಲ್ಲ. ಆಮೇಲೆ ಮುಕ್ಕಾಲು ಭಾಗದೊಳಗೆ ಬಿಟ್ಟರೆ ಡಬ್ಲ್ಯು (ವಿತ್‌ಡ್ರಾ ಆದ ಗುರುತು) ಅಂತ ಬೀಳುತ್ತದೆ, ಸರಾಸರಿ ಗ್ರೇಡಿಗೆ ಪೆಟ್ಟಿಲ್ಲ. ಅದೂ ದಾಟಿದರೆ ಬಂದ ಗ್ರೇಡೇ ಗತಿ. ಫೀ ವಾಪಸ್ ಸಿಗುವ ಕೊನೆಯ ದಿನ ಬೇರೆ, ಅದು ಇನ್ನೂ ಬೇಗ ಮುಗಿಯುತ್ತದೆ. ಸುಮ್ನೆ ಹೋಗುವುದು ನಿಲ್ಲಿಸಿದರೆ ಡ್ರಾಪ್ ಆಯಿತು ಅಂದುಕೊಳ್ಳಬೇಡಿ. ಲಾಗಿನ್ ಆಗಿ ನೀವೇ ಬಿಡಬೇಕು.

ವಾಟ್ಸಾಪ್ ಗುಂಪಿನಲ್ಲಿ ಕ್ವಿಜ್ ಉತ್ತರ ಹಂಚಿಕೊಳ್ಳುವುದು ನಮಗೆ ಸ್ನೇಹ, ಇಲ್ಲಿ ಅದು ಕೇಸು. ಕೊಟ್ಟವರಿಗೂ ಸೊನ್ನೆ, ತಗೊಂಡವರಿಗೂ ಸೊನ್ನೆ. ಕೂತು ಒಟ್ಟಿಗೆ ಓದಲು ಅಡ್ಡಿಯಿಲ್ಲ.

ಮಕ್ಕಳು ಹೈಸ್ಕೂಲ್‌ನಲ್ಲಿದ್ದುಕೊಂಡೇ ಈ ಕೋರ್ಸ್ ತಗೊಂಡರೆ ಒಂದು ಮಾತು. ಕಾಲೇಜಿಗೆ ಫೋನ್ ಮಾಡಿ ಮಾರ್ಕ್ಸ್ ಕೇಳಬೇಡಿ, ಸಾಮಾನ್ಯವಾಗಿ ಹೇಳುವುದಿಲ್ಲ. ಫೆರ್ಪಾ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಯ ಹಕ್ಕು ವಿದ್ಯಾರ್ಥಿಯದ್ದು, ವಯಸ್ಸು ಹದಿನಾರಾದರೂ ಅಷ್ಟೇ.

ಟರ್ಮ್ ಮುಗಿದ ಮೇಲೆ ಮಾರ್ಕ್ಸ್ ಕಾರ್ಡ್ ಪೋಸ್ಟಿನಲ್ಲಿ ಬರುತ್ತದೆ ಅಂತ ಕಾಯಬೇಡಿ. ಟ್ರಾನ್ಸ್‌ಕ್ರಿಪ್ಟ್ ಬೇಕು ಅಂತ ನೀವೇ ಅರ್ಜಿ ಹಾಕಬೇಕು, ಅದು ಕಾಲೇಜಿನಿಂದ ನೇರವಾಗಿ ಮುಂದಿನ ಕಾಲೇಜಿಗೆ ಹೋಗುತ್ತದೆ. ಕಾಗದದ್ದೇ ಬೇಕು ಅಂತ ಮನೆಗೆ ತರಿಸಿಕೊಂಡರೆ ಲಕೋಟೆ ಒಡೆಯಬೇಡಿ, ಒಡೆದದ್ದು ಸಾಮಾನ್ಯವಾಗಿ ನಡೆಯಲ್ಲ. ನನ್ನ ಅತ್ತೆ ಪ್ರೀತಿಯಿಂದ ಒಡೆದು, ದೇವರ ಮುಂದಿಟ್ಟು, ಕುಂಕುಮ ಹಚ್ಚಿದ್ದರು. ಇನ್ನೊಂದು ತರಿಸಬೇಕಾಯಿತು.