ಪಾಯಿಂಟ್ 22 ಪಿಸ್ತೂಲಿನಲ್ಲಿ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತಿದ್ದರೆ

ಬೆಳಗಾವಿಯಲ್ಲಿ 25 ಮೀಟರ್ ಅಭ್ಯಾಸಕ್ಕೆ ಬಳಸುವ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು. ಗುಂಡು ಹಾರಿದ ಮೇಲೆ ಖಾಲಿ ಕೇಸ್ (ಗುಂಡಿನ ಲೋಹದ ಕವಚ) ಹೊರಗೆ ಬೀಳದೆ ಸ್ಲೈಡಿನಲ್ಲಿ, ಅಂದರೆ ಹಿಂದೆ ಮುಂದೆ ಜಾರುವ ಮೇಲಿನ ಭಾಗದಲ್ಲಿ, ಸಿಕ್ಕಿಕೊಳ್ಳುತ್ತಿತ್ತು. ಮ್ಯಾಗಜೀನ್, ಗುಂಡು, ಸ್ಪ್ರಿಂಗ್ ಎಲ್ಲ ಬದಲಿಸಿದರೂ ಉಪಯೋಗ ಆಗಲಿಲ್ಲ. ಎಣ್ಣೆ ಜಾಸ್ತಿ ಬಿಟ್ಟರೆ ಇನ್ನೂ ಕೆಟ್ಟಿತು. ನಮ್ಮ ಬೇಸಿಗೆಯ ಧೂಳು ಅದಕ್ಕೇ ಅಂಟುತ್ತದೆ ಅಲ್ವಾ.

ತೊಂದರೆ ಇದ್ದದ್ದು ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ. ಈ ಗುಂಡಿನ ಸೀಸದ ಮೇಲೆ ಮೇಣದಂಥ ಲೇಪ ಇರುತ್ತದೆ. ಅದು ಮಸಿ ಜೊತೆ ಗಟ್ಟಿಯಾಗಿ ಕೇಸನ್ನು ಹಿಡಿದುಕೊಳ್ಳುತ್ತದೆ. ಮೊದಲು ಮ್ಯಾಗಜೀನ್ ತೆಗೆಯಿರಿ. ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಾರೆ ನೋಡಿ, ಆಮೇಲೆ ಬಿಚ್ಚಿ. ಸಾಲ್ವೆಂಟ್ (ಕೊಳೆ ಕರಗಿಸುವ ದ್ರವ) ಹಚ್ಚಿದ ಕಂಚಿನ ಬ್ರಷ್ಷನ್ನು ಹಿಂಬದಿಯಿಂದ ಚೇಂಬರಿಗೆ ಹಾಕಿ ತಿರುಗಿಸಿ. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಒರೆಸಿ. ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗಿನ ಕೊಳೆಯನ್ನು ಮರದ ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಿರಿ. ಚೇಂಬರಿಗೆ ಎಣ್ಣೆ ಬೇಡವೇ ಬೇಡ. ಸ್ಲೈಡ್ ಜಾರುವ ಎರಡೂ ಪಟ್ಟಿಗೆ ಒಂದೊಂದು ಹನಿ ಸಾಕು.